ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ: ತೀರ್ಥ, ಪ್ರತಿಮೆ, ಗುರುಪೀಠ

೧

ಕನ್ನಡನಾಡಿನ ಚರಿತ್ರೆಯನ್ನು ಬರೆಯುವವರು ವಿದೇಶೀಯ ಪ್ರವಾಸಿಗಳ ಲೇಖನಗಳನ್ನು ಆಧಾರವಾಗಿ ಸ್ವೀಕರಿಸುವುದು ಬಹುಕಾಲದಿಂದ ರೂಢಿಯಾಗಿದೆ. ವಿಜಯನಗರದ ವೈಭವಕ್ಕೆ ಪಾಯೆಸ್, ನೂನಿಜ್ ಮೊದಲಾದವರು ಹೇಗೋ, ಇಕ್ಕೇರಿ ಮತ್ತು ಉಳ್ಳಾಲಗಳ ಸ್ಥಿತಿಗತಿಗಳಿಗೆ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆಯು ಹಾಗೆ. ಕ್ರಿ. ಶ. ೧೬೨೩ರಲ್ಲಿ ನಮ್ಮ ನಾಡಿನಲ್ಲಿ ಸಂಚರಿಸಿ, ಕಂಡುದನ್ನು ಕಂಡಂತೆ ತನ್ನ ಮಿತ್ರನಿಗೆ ಪತ್ರಮುಖೇನ ತಿಳಿಸಿದ ಈತನ ಮಾತುಗಳು ಕೆಳದಿಯ ಅರಸರನ್ನು ಕುರಿತ ಪ್ರತಿಯೊಂದು ಗ್ರಂಥದಲ್ಲಿಯೂ ಉದ್ಧೃತವಾಗಿವೆ. ಅರಮನೆಯ ಪ್ರಾಕಾರಗಳೆಷ್ಟು, ಬೀದಿಗಳ ಅಗಲವೆಷ್ಟು, ಮೆಣಸಿನ ವ್ಯಾಪಾರವು ಯಾರ ಕೈಯಲ್ಲಿದ್ದಿತು, ರಾಣಿಯು ಏನನ್ನು ಉಟ್ಟಿದ್ದಳು ಎಂಬ ವಿಷಯಗಳನ್ನೆಲ್ಲ ಆತನಿಂದ ನಾವು ತೆಗೆದುಕೊಂಡಿರುವೆವು. ಆದರೆ ಆತನು ಯಾರು, ಯಾವ ಮನಸ್ಸಿನಿಂದ ಬಂದನು, ಯಾವ ಅಳತೆಗೋಲಿನಿಂದ ನಮ್ಮನ್ನು ಅಳೆದನು ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ.

ಆತನು ತನ್ನನ್ನು ಕರೆದುಕೊಂಡ ಹೆಸರು ‘ಇಲ್ ಪೆಲ್ಲೆಗ್ರೀನೊ’ ಎಂದು. ಇದಕ್ಕೆ ‘ಯಾತ್ರಿಕ’ನೆಂದು ಅರ್ಥ. ಆತನ ಗ್ರಂಥದ ಮುಖಪತ್ರದ ಮೇಲೆಯೇ ಈ ಬಿರುದು ಅಚ್ಚಾಗಿದೆ. ವಣಿಜನೂ ರಾಯಭಾರಿಯೂ ಅಲ್ಲದೆ, ವ್ರತವನ್ನು ತೊಟ್ಟು ಹೊರಟ ಒಬ್ಬ ಕಥೋಲಿಕ ಗೃಹಸ್ಥನು ಬರೆದ ಪತ್ರಗಳು ಇವು. ಸಾಕ್ಷಿಯ ಮಾತನ್ನು ಪ್ರಮಾಣವೆಂದು ಸ್ವೀಕರಿಸುವ ಮೊದಲು ಸಾಕ್ಷಿಯ ಸ್ವರೂಪವನ್ನು ವಿಚಾರಿಸಬೇಕೆಂಬುದು ನಮ್ಮ ಧರ್ಮಶಾಸ್ತ್ರಕಾರರ ವ್ಯವಹಾರನಿಯಮ. ಆ ನಿಯಮವನ್ನನುಸರಿಸಿ, ತೀರ್ಥಯಾತ್ರೆ, ದೇವತಾಪ್ರತಿಮೆ ಮತ್ತು ರೋಮಿನ ಗುರುಪೀಠ ಎಂಬ ಮೂರು ವಿಷಯಗಳಲ್ಲಿ ಈ ಯಾತ್ರಿಕನ ಮನೋಧರ್ಮವು ಹೇಗಿದ್ದಿತೆಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶವು.

೨

ಪಿಯೆತ್ರೊ ಹುಟ್ಟಿದುದು ೧೫೮೬ರಲ್ಲಿ, ರೋಮಿನ ಪ್ರಾಚೀನ ಕುಲೀನ ಮನೆತನವೊಂದರಲ್ಲಿ. ಆತನ ವಂಶದಲ್ಲಿ ಹಿಂದೆ ಕಾರ್ಡಿನಲ್ ಪದವಿಯನ್ನು ಪಡೆದವರಿದ್ದರು. ಯೌವನದಲ್ಲಿ ಒಬ್ಬ ಕನ್ಯೆಯಲ್ಲಿ ಮನಸ್ಸಿಟ್ಟಿದ್ದು, ಆಕೆಯು ಅನ್ಯನ ಪತ್ನಿಯಾಗಲು, ಜೀವನದಲ್ಲಿ ಜುಗುಪ್ಸೆ ತಾಳಿ ನೇಪಲ್ಸ್ ನಗರಕ್ಕೆ ಹೋದನು. ಅಲ್ಲಿ ಮಾರಿಯೊ ಸ್ಕಿಪಾನೊ ಎಂಬ ವೈದ್ಯವಿದ್ವಾಂಸನ ಸಖ್ಯವು ಲಭಿಸಿತು. ಯೆರೂಸಲೇಮಿಗೆ ಯಾತ್ರೆ ಮಾಡುವೆನೆಂದು ಸಂಕಲ್ಪಿಸಿ, ಆ ನಗರದ ಸಾನ್ ಮಾರ್ಚೆಲ್ಲಿನೊ ಚರ್ಚಿನಲ್ಲಿ ಯಾತ್ರಿಕವೇಷವನ್ನು ವಿಧಿಪೂರ್ವಕವಾಗಿ ಧರಿಸಿದನು. ೧೬೧೪ನೆಯ ಜೂನ್ ೮ರಂದು ವೆನಿಸ್ಸಿನಿಂದ ಹಡಗು ಹತ್ತಿದವನು ರೋಮಿಗೆ ಹಿಂದಿರುಗಿದುದು ೧೬೨೬ನೆಯ ಮಾರ್ಚ್ ೨೮ರಂದು. ದ್ವಾದಶವರ್ಷಗಳ ಈ ಅವಧಿಯಲ್ಲಿ ಸ್ಕಿಪಾನೊಗೆ ಬರೆದ ಐವತ್ತನಾಲ್ಕು ಪತ್ರಗಳೇ ಆತನ ಪ್ರವಾಸಗ್ರಂಥ.

ಕಾನ್‌ಸ್ಟಾಂಟಿನೋಪಲ್, ಈಜಿಪ್ತ, ಸಿನಾಯಿ ಪರ್ವತ, ಅನಂತರ ಯೆರೂಸಲೇಮ್. ೧೬೧೬ರ ಪಾಸ್ಖ ಮಹೋತ್ಸವವನ್ನು ಆತನು ಅಲ್ಲಿಯೇ ಆಚರಿಸಿದನು. ಸಂಕಲ್ಪವು ಅಲ್ಲಿಗೆ ಪೂರ್ತಿಯಾಯಿತು. ವ್ರತಿಯಾದವನು ವ್ರತಸಮಾಪ್ತಿಯ ಬಳಿಕ ಮನೆಗೆ ಮರಳಬೇಕಷ್ಟೆ? ಪಿಯೆತ್ರೊ ಮರಳಲಿಲ್ಲ; ಪೂರ್ವಾಭಿಮುಖವಾಗಿ ಮತ್ತೂ ಮುಂದಕ್ಕೆ ನಡೆದನು. ಅದೇ ವರ್ಷ ಬಾಗ್ದಾದಿನಲ್ಲಿ ಮಆನಿ ಎಂಬ ಪೂರ್ವದೇಶದ ಕ್ರೈಸ್ತ ಕನ್ಯೆಯನ್ನು ವಿವಾಹವಾಗಿ, ಆಕೆಯೊಡನೆ ಪಾರಸೀಕ ದೇಶಕ್ಕೆ ಹೋಗಿ ಷಾ ಅಬ್ಬಾಸನ ಆಸ್ಥಾನವನ್ನು ಕಂಡನು.

ಇಲ್ಲಿ ಎರಡು ಶಬ್ದಗಳನ್ನು ವಿಚಾರಿಸುವುದು ಉಚಿತ. ‘ಪೆಲ್ಲೆಗ್ರೀನೊ’ ಎಂಬುದು ಲ್ಯಾಟಿನ್ ಭಾಷೆಯ ‘ಪೆರೆಗ್ರೀನುಸ್’ ಎಂಬುದರಿಂದ ಬಂದಿದೆ. ಅದರ ಮೂಲಾರ್ಥವು ‘ಪರದೇಶದವನು’. ನಮ್ಮ ಕನ್ನಡದ ‘ಪರದೇಶಿ’ ಎಂಬ ಮಾತು ಸಹ ಅನ್ಯದೇಶೀಯನನ್ನೂ, ದಿಕ್ಕಿಲ್ಲದೆ ಊರೂರು ತಿರುಗುವವನನ್ನೂ ಸೂಚಿಸುವುದು. ಇನ್ನು ನಮ್ಮ ‘ತೀರ್ಥ’ವೆಂಬುದು ದಾಟು ಎಂಬರ್ಥದ ‘ತೄ’ ಧಾತುವಿನಿಂದ ನಿಷ್ಪನ್ನವಾಗಿ, ನದಿಯನ್ನು ದಾಟುವ ರೇವನ್ನು ಹೇಳುವುದು. ಅವರ ಶಬ್ದವು ಮನೆಯನ್ನು ತೊರೆದವನನ್ನು ನೋಡುತ್ತದೆ; ನಮ್ಮ ಶಬ್ದವು ಆತನು ದಾಟಬೇಕಾದ ಸ್ಥಳವನ್ನು ನೋಡುತ್ತದೆ. ಯೆರೂಸಲೇಮಿನ ಬಳಿಕ ಪಿಯೆತ್ರೊ ಕೈಗೊಂಡ ಸಂಚಾರಕ್ಕೆ ಗಮ್ಯವಾದ ತೀರ್ಥವಿರಲಿಲ್ಲ. ಆದರೂ ಪರದೇಶಿಯ ವೃತ್ತಿಯನ್ನು ಆತನು ಬಿಡಲಿಲ್ಲ. ಇಂತಹ ಸ್ಥಿತಿಯಲ್ಲಿ ಆತನು ನಮ್ಮ ನಾಡಿಗೆ ಬಂದನು.

ಬರುವ ವೇಳೆಗೆ ಆತನು ಏಕಾಕಿಯಾಗಿದ್ದನು. ೧೬೨೧ನೆಯ ಡಿಸೆಂಬರಿನ ಕೊನೆಯಲ್ಲಿ, ಹೊರ್ಮುಜಿನ ಸಮೀಪದ ಮಿನಾಬ್ ಪ್ರದೇಶದಲ್ಲಿ ಮಆನಿಯು ಜ್ವರದಿಂದ ಮೃತಳಾದಳು. ಪತಿಯು ಆಕೆಯನ್ನು ಅಲ್ಲಿ ಮಣ್ಣು ಮಾಡಲು ಒಪ್ಪದೆ, ದೇಹವು ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿರಿಸಿಕೊಂಡು, ರೋಮಿನ ತನ್ನ ಕುಲದ ಸಮಾಧಿಸ್ಥಾನಕ್ಕೆ ಮುಟ್ಟಿಸುವೆನೆಂದು ನಿಶ್ಚಯಿಸಿದನು. ಶವವಿರುವ ಹಡಗಿಗೆ ಕೇಡೆಂದು ನಾವಿಕರು ಭಾವಿಸುತ್ತಿದ್ದುದರಿಂದ ಅದನ್ನು ಗುಟ್ಟಾಗಿ ಸಾಗಿಸಬೇಕಾಯಿತು. ೧೬೨೩ರಲ್ಲಿ ಸೂರತ್ತಿಗೆ ಬಂದಿಳಿದಾಗಲೂ, ಇಕ್ಕೇರಿಯನ್ನು ಕಂಡಾಗಲೂ ಆತನ ಪತ್ನಿಯ ಶರೀರವು ಇನ್ನೂ ಭೂಮಿಗೆ ಸೇರಿರಲಿಲ್ಲ. ಈ ಸಂಗತಿಯನ್ನು ಮರೆತು ಆತನ ಇಕ್ಕೇರಿಯ ಪತ್ರವನ್ನು ಓದುವುದು ಸರಿಯಲ್ಲ.

೩

೧೬೨೩ನೆಯ ಅಕ್ಟೋಬರ್ ತಿಂಗಳಲ್ಲಿ ಗೋವೆಯ ಪೋರ್ತುಗೀಸರು ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಒಂದು ರಾಯಭಾರವನ್ನು ಕಳುಹಿದರು. ರಾಯಭಾರಿಯು ಜೊವಾಂವ್ ಫೆರ್ನಾಂದಿಸ್ ಲೆಯಿತಾಂವ್. ನಾಯಕನ ಪರವಾಗಿ ಗೋವೆಯಲ್ಲಿದ್ದ ವಿಠ್ಠಲ ಶೆಣೈ ಎಂಬ ಬ್ರಾಹ್ಮಣನು ಜೊತೆಗಿದ್ದನು. ಈ ಪರಿವಾರದೊಡನೆ ಪಿಯೆತ್ರೊ ಹೊನ್ನಾವರದಲ್ಲಿಳಿದು, ಶರಾವತಿಯ ಮೇಲೆ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟವನ್ನು ಏರಿದನು. ಗೇರುಸೊಪ್ಪೆಯ ಹಾಳುಬಿದ್ದ ಅರಮನೆಯನ್ನೂ, ನದೀತೀರದ ಕಾಡಿನ ಚೆಲುವನ್ನೂ ಆತನು ಹೃದಯತುಂಬಿ ಹೊಗಳಿರುವನು.

ಘಟ್ಟದ ಮೇಲೆ ಒಂದು ಹನುಮಂತನ ಗುಡಿಯ ಬಳಿ ಆತನು ಕಂಡ ದೃಶ್ಯವೊಂದು ನಮ್ಮ ಶಿಕ್ಷಣಚರಿತ್ರೆಗೆ ಅಮೂಲ್ಯವಾದುದು. ನಾಲ್ವರು ಬಾಲಕರು ನೆಲದ ಮೇಲೆ ನುಣುಪಾದ ಮರಳನ್ನು ಹರಡಿ, ಒಬ್ಬನು ರಾಗವಾಗಿ ಪಾಠವನ್ನು ಹೇಳುತ್ತ ಬೆರಳಿನಿಂದ ಬರೆಯಲು, ಉಳಿದವರೂ ಹಾಗೆಯೇ ಹಾಡುತ್ತ ಬರೆಯುತ್ತ ಲೆಕ್ಕವನ್ನು ಕಲಿಯುತ್ತಿದ್ದರು. ಗುರುವು ಅಲ್ಲಿರಲಿಲ್ಲ. ತಪ್ಪಿದರೆ ತಿದ್ದುವವರಾರೆಂದು ಈತನು ಕೇಳಲು, ನಾಲ್ವರೂ ಏಕಕಾಲಕ್ಕೆ ಮರೆಯುವುದು ಅಸಂಭವವೆಂದು ಹುಡುಗರು ಉತ್ತರಿಸಿದರಂತೆ. ಆ ಉತ್ತರದಲ್ಲಿದ್ದ ಯುಕ್ತಿಯನ್ನು ಯಾತ್ರಿಕನು ಮೆಚ್ಚಿಕೊಂಡನು. ಮರಳಿನ ಮೇಲೆ ಅಕ್ಷರ ತಿದ್ದಿ, ಬಾಯಿಪಾಠವನ್ನು ಒಕ್ಕೊರಲಿನಿಂದ ಹೇಳಿ ಬೆಳೆದ ನನ್ನಂಥವನಿಗೆ ಈ ಭಾಗವನ್ನು ಓದುವಾಗ ಶತಮಾನಗಳ ಅಂತರವು ಕ್ಷಣಕಾಲ ಅಳಿದುಹೋಗುವುದು ಸಹಜ.

ಇಕ್ಕೇರಿಯಲ್ಲಿ ಆತನು ಅಘೋರೇಶ್ವರ ದೇವಾಲಯವನ್ನು ಕಂಡನು. ನಮ್ಮ ಹೆಸರುಗಳನ್ನು ಇಟಲಿಯ ಕಿವಿಯಿಂದ ಕೇಳಿ ‘ಅಗೊರೆಸ್ಕ್ವರ’, ‘ವೆಂಕ್ತಪ ನಾಯೆಕ’, ‘ಜಂಗಮ’ ಎಂದು ಬರೆದಿರುವ ರೀತಿಯಲ್ಲಿ, ಅಂದಿನ ಉಚ್ಚಾರಣೆಯ ಛಾಯೆಯು ಬಹುಮಟ್ಟಿಗೆ ಉಳಿದಿದೆ. ಮೂರ್ತಿಗೆ ತಲೆಯೊಂದೇ ಎಂದೂ, ಭುಜಗಳು ಒಂದೊಂದು ಪಾರ್ಶ್ವಕ್ಕೆ ಹದಿನಾರರಂತೆ ಒಟ್ಟು ಮೂವತ್ತೆರಡೆಂದೂ ಆತನು ಎಣಿಸಿ ಹೇಳಿರುವನು. ಆ ಮಹಾಮೂರ್ತಿಯು ಇಂದು ಗರ್ಭಗೃಹದಲ್ಲಿಲ್ಲ. ಅದನ್ನು ಹೊತ್ತಿದ್ದ ವಿಶಾಲವಾದ ಶಿಲಾಪೀಠವು ಮಾತ್ರ ಉಳಿದಿದೆ. ಆ ಪೀಠದ ಮುಂದೆ ನಿಂತು ಮೂರ್ತಿಯ ಪ್ರಮಾಣವನ್ನು ಊಹಿಸುವವನಿಗೆ, ಅದನ್ನು ಕಣ್ಣಾರೆ ಕಂಡು ಲೆಕ್ಕವಿಟ್ಟ ಪರಧರ್ಮೀಯನೊಬ್ಬನ ಸಾಕ್ಷ್ಯವು ಎಷ್ಟು ಬೆಲೆಯುಳ್ಳದೆಂಬುದು ಮನದಟ್ಟಾಗುವುದು. ಭಕ್ತನು ದೇವರ ಭುಜಗಳನ್ನು ಎಣಿಸುವುದಿಲ್ಲ, ಕೈಮುಗಿಯುವನು. ಎಣಿಸಿದವನು ಅಪರಿಚಿತನು. ಆದುದರಿಂದಲೇ ನಮಗೆ ಸಂಖ್ಯೆಯು ದೊರಕಿದೆ.

೪

ಪ್ರತಿಮಾವಿಷಯದಲ್ಲಿ ಈ ಯಾತ್ರಿಕನ ಸ್ಥಿತಿಯು ವಿಲಕ್ಷಣವಾದುದು. ಆತನು ಪ್ರತಿಮೆಗಳನ್ನು ನಿರಾಕರಿಸುವ ಮತದವನಲ್ಲ. ಕ್ರೈಸ್ತರಲ್ಲಿ ಪ್ರತಿಮಾವಿವಾದವು ಬಹು ಪ್ರಾಚೀನ. ಬೈಜಾಂಟೀಯ ಸಾಮ್ರಾಜ್ಯದಲ್ಲಿ ಚಿತ್ರಭಂಜಕರು ಪ್ರಬಲರಾಗಲು, ೭೮೭ರಲ್ಲಿ ನಿಕೇಯಾ ನಗರದಲ್ಲಿ ಸೇರಿದ ಮಹಾಸಭೆಯು, ಪ್ರತಿಮೆಗೆ ಸಲ್ಲುವ ಗೌರವವು ಪ್ರತಿಮೆಯಿಂದ ಸೂಚಿತನಾದವನನ್ನೇ ಸೇರುವುದೆಂದು ನಿರ್ಣಯಿಸಿತು. ದೇವರೊಬ್ಬನಿಗೇ ಸಲ್ಲುವ ಆರಾಧನೆಗೆ ‘ಲಾತ್ರಿಯಾ’ ಎಂದೂ, ಸಂತರಿಗೆ ಸಲ್ಲುವ ಪೂಜ್ಯಭಾವಕ್ಕೆ ‘ದೂಲಿಯಾ’ ಎಂದೂ ಅವರ ಶಾಸ್ತ್ರಕಾರರು ಭೇದವನ್ನು ಕಲ್ಪಿಸಿರುವರು. ಲೂಥರ್, ಕಾಲ್ವಿನ್ ಮೊದಲಾದವರ ಸುಧಾರಣೆಯ ಕಾಲದಲ್ಲಿ ಉತ್ತರ ಯೂರೋಪಿನ ಅನೇಕ ಚರ್ಚುಗಳ ವಿಗ್ರಹಗಳು ಭಗ್ನವಾದಾಗ, ತ್ರೆಂತ್ ನಗರದ ಮಹಾಸಭೆಯು ೧೫೬೩ನೆಯ ಡಿಸೆಂಬರಿನಲ್ಲಿ ಪ್ರಾಚೀನ ನಿರ್ಣಯವನ್ನೇ ಸ್ಥಿರಪಡಿಸಿತು: ಪ್ರತಿಮೆಗಳನ್ನು ಇರಿಸಿಕೊಳ್ಳಬೇಕು, ಗೌರವಿಸಬೇಕು, ಆದರೆ ಅವುಗಳಲ್ಲಿಯೇ ದೈವತ್ವವಿದೆಯೆಂದು ನಂಬಕೂಡದು. ಪಿಯೆತ್ರೊ ಹುಟ್ಟಿದುದು ಈ ನಿರ್ಣಯವಾದ ಇಪ್ಪತ್ತಮೂರನೆಯ ವರ್ಷದಲ್ಲಿ. ಆ ತತ್ತ್ವವನ್ನು ಆತನು ಬಾಲ್ಯದಿಂದಲೇ ಉಸಿರಾಡಿದ್ದನು.

ನಮ್ಮಲ್ಲಿಯೂ ಈ ವಿಚಾರವು ನಡೆದಿಲ್ಲವೆಂದಲ್ಲ. ದೇವತೆಗೆ ವಿಗ್ರಹವುಂಟೇ ಇಲ್ಲವೇ ಎಂಬ ವಿಷಯದಲ್ಲಿ ಮೀಮಾಂಸಕರಿಗೂ ವೇದಾಂತಿಗಳಿಗೂ ವಿವಾದವಿದೆ. ಕರ್ಮದಲ್ಲಿ ದೇವತೆಯು ಮಂತ್ರಶಬ್ದದಿಂದ ಉದ್ದಿಷ್ಟಳಾದರೆ ಸಾಕು, ಶರೀರವು ಬೇಕಿಲ್ಲವೆಂದು ಮೊದಲಿನವರು. ವಿಗ್ರಹವತ್ತ್ವವನ್ನು ಒಪ್ಪಿದರೆ ವಿರೋಧವಿಲ್ಲವೆಂದು ಎರಡನೆಯವರು. ಆಗಮಗಳು ಆವಾಹನ ವಿಸರ್ಜನಗಳನ್ನು ಹೇಳಿ, ಶಿಲೆಯೇ ದೇವರಲ್ಲವೆಂಬುದನ್ನು ಆಚಾರದಿಂದಲೇ ತೋರಿಸಿರುವುವು. ವೀರಶೈವರು ಸ್ಥಾವರಕ್ಕಿಂತ ಇಷ್ಟಲಿಂಗಕ್ಕೂ ಜಂಗಮಕ್ಕೂ ಹೆಚ್ಚಿನ ಪ್ರಾಧಾನ್ಯವನ್ನು ಕೊಟ್ಟಿರುವರು. ವೆಂಕಟಪ್ಪನಾಯಕನು ವೀರಶೈವನು, ಆದರೂ ಆತನ ರಾಜಧಾನಿಯ ಮಧ್ಯದಲ್ಲಿ ಅಘೋರೇಶ್ವರನ ಮಹಾಮೂರ್ತಿಯಿದ್ದಿತು. ಯಾತ್ರಿಕನು ಯಾವ ಪ್ರಶ್ನೆಯನ್ನು ಹೊತ್ತು ಬಂದನೋ ಅದೇ ಪ್ರಶ್ನೆಗೆ ಇಕ್ಕೇರಿಯು ತನ್ನದೇ ಆದ ರೀತಿಯಲ್ಲಿ ಉತ್ತರವನ್ನು ಕೊಟ್ಟುಕೊಂಡಿದ್ದಿತು. ಆದರೆ ಆ ಸಂವಾದವು ನಡೆಯಲಿಲ್ಲ. ತನ್ನ ನಾಡಿನ ಮೂರ್ತಿಗಳಿಗೆ ಯಾವ ನ್ಯಾಯವನ್ನು ಆತನು ಸಲ್ಲಿಸುತ್ತಿದ್ದನೋ ಆ ನ್ಯಾಯವನ್ನು ಅಘೋರೇಶ್ವರನಿಗೆ ಸಲ್ಲಿಸಲಿಲ್ಲ. ಆತನಿಗೆ ಅದು ಅನ್ಯಧರ್ಮೀಯರ ವಿಗ್ರಹ, ಅಷ್ಟೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ರೋಮಿನಲ್ಲಿ ಈತನ ಮನೆತನದವನೇ ಆದ ಕಾರ್ಡಿನಲ್ ಆಂದ್ರೆಯಾ ದೆಲ್ಲಾ ವಾಲ್ಲೆಯು ಹದಿನಾರನೆಯ ಶತಮಾನದಲ್ಲಿ ಪ್ರಾಚೀನ ಶಿಲ್ಪಗಳನ್ನು ಸಂಗ್ರಹಿಸಿ, ತನ್ನ ಅರಮನೆಯ ಉಪವನದಲ್ಲಿ ಅಲಂಕಾರವಾಗಿ ನಿಲ್ಲಿಸಿದ್ದನು. ಆ ಸಂಗ್ರಹವು ಪ್ರಸಿದ್ಧವಾಗಿದ್ದು, ೧೫೮೪ರಲ್ಲಿ ಮೆದಿಚಿ ಮನೆತನದವರ ವಶವಾಯಿತು. ಅವು ಕ್ರೈಸ್ತಮೂರ್ತಿಗಳಲ್ಲ, ಗ್ರೀಕರೋಮನರ ಪ್ರಾಚೀನ ಯುಗದವು. ಇಂಥವನ್ನು ಕಾರ್ಡಿನಲರು ಮನೆಯಲ್ಲಿರಿಸಿಕೊಂಡರೆ ದೋಷವಿಲ್ಲ, ಅದು ಕಲಾಭಿಮಾನ. ಇಕ್ಕೇರಿಯಲ್ಲಿ ನಾಯಕನು ಗರ್ಭಗೃಹದಲ್ಲಿರಿಸಿಕೊಂಡರೆ ಮೌಢ್ಯ! ಭೇದವು ಶಿಲ್ಪದಲ್ಲಿಲ್ಲ, ಪೂಜೆಯಲ್ಲಿದೆ. ಪೂಜೆ ನಿಂತುಹೋದ ದೇವರು ಕಲೆಯಾಗುವನು. ಪೂಜೆ ನಡೆಯುತ್ತಿರುವ ಪರರ ದೇವರು ಭಯವನ್ನು ಹುಟ್ಟಿಸುವನು. ಈ ನ್ಯಾಯವು ಪಿಯೆತ್ರೊ ಒಬ್ಬನದಲ್ಲ. ನಾವು ಸಹ ನಮ್ಮ ಹಾಳುಬಸದಿಗಳನ್ನೂ ಬೌದ್ಧವಿಹಾರಗಳನ್ನೂ ನೋಡುವಾಗ ಆತನಂತೆಯೇ ನಡೆದುಕೊಳ್ಳುವುದಿಲ್ಲವೇ ಎಂದು ಆತ್ಮಪರೀಕ್ಷೆ ಮಾಡಿಕೊಳ್ಳಬೇಕು. ಮಂಗಳೂರಿನ ಕದ್ರಿಯಲ್ಲಿ ೯೬೮ರಲ್ಲಿ ಪ್ರತಿಷ್ಠಿತವಾದ ಲೋಕೇಶ್ವರನ ಕಂಚಿನ ಮೂರ್ತಿಯು ಪೂಜೆಯು ನಿಲ್ಲದಿದ್ದುದರಿಂದ ದೇವರಾಗಿಯೇ ಉಳಿಯಿತು. ಪೂಜೆ ತಪ್ಪಿದ ಅಂತಹ ಎಷ್ಟೋ ಮೂರ್ತಿಗಳು ವಸ್ತುಸಂಗ್ರಹಾಲಯಗಳನ್ನು ಸೇರಿದುವು.

ಆದರೆ ಯಾತ್ರಿಕನಿಗೆ ಅನ್ಯಾಯ ಮಾಡಕೂಡದು. ನಮ್ಮ ದೇವತಾಮೂರ್ತಿಗಳನ್ನು ಕುರಿತು ಬರೆಯುವಾಗ ಒಂದು ಕಡೆ ಆತನು, ಈ ಕಥೆಗಳ ಮರೆಯಲ್ಲಿ ಪ್ರಾಚೀನರು ಪ್ರಕೃತಿಶಾಸ್ತ್ರದ, ನೀತಿಶಾಸ್ತ್ರದ, ಪ್ರಾಯಶಃ ಇತಿಹಾಸದ ರಹಸ್ಯಗಳನ್ನು ಸಾಮಾನ್ಯ ಜನರಿಂದ ಗೋಪನ ಮಾಡಿ ಇರಿಸಿರಬೇಕೆಂದೂ, ನೋಡಲು ವಿಕಾರವಾಗಿರುವ ಈ ರೂಪಗಳಿಗೆ ಯುಕ್ತಿಯುಕ್ತವಾದ ಯಾವುದೋ ಅರ್ಥವಿರುವುದು ನಿಶ್ಚಯವೆಂದೂ ಅಭಿಪ್ರಾಯಪಟ್ಟಿರುವನು. ಆ ಶತಮಾನದ ಐರೋಪ್ಯರಲ್ಲಿ ಇಂತಹ ಮಾತು ಅಪರೂಪ. ಬಹುಭುಜಗಳ ಮೂರ್ತಿಯನ್ನು ಪಿಶಾಚವೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವ ಪ್ರವಾಸಿಗಳ ನಡುವೆ, ಅರ್ಥವಿರಬೇಕೆಂದು ಸಂಶಯಪಡುವವನೇ ವಿದ್ವಾಂಸನು. ಅರ್ಥವನ್ನು ಹೇಳಬಲ್ಲವರನ್ನು ಆತನು ಹುಡುಕಿಕೊಂಡು ಹೋಗದೆ ಇದ್ದುದು ನಮ್ಮ ದೌರ್ಭಾಗ್ಯ.

೫

ಇಕ್ಕೇರಿಯ ಪತ್ರದಲ್ಲಿ ಎಲ್ಲಕ್ಕಿಂತ ಗಂಭೀರವಾದ ಭಾಗವು ಸಹಗಮನಕ್ಕೆ ನಿಶ್ಚಯಿಸಿದ್ದ ಸ್ತ್ರೀಯೊಬ್ಬಳ ವೃತ್ತಾಂತವು. ಮೊದಲು ಆಕೆಯು ಕುದುರೆಯ ಮೇಲೆ ಕುಳಿತು, ಒಂದು ಕೈಯಲ್ಲಿ ಕನ್ನಡಿಯನ್ನೂ ಇನ್ನೊಂದರಲ್ಲಿ ನಿಂಬೆಯ ಹಣ್ಣನ್ನೂ ಹಿಡಿದು ಬೀದಿಯಲ್ಲಿ ಸಾಗುವುದನ್ನು ಆತನು ಕಂಡನು. ಅನಂತರ ನವೆಂಬರ್ ೧೬ರಂದು ಆಕೆಯ ಮನೆಗೇ ಹೋಗಿ, ದುಭಾಷಿಗಳ ಮೂಲಕ ಸಂಭಾಷಿಸಿದನು. ಆತನು ಬರೆದಿರುವ ಹೆಸರನ್ನು ‘ಜಕ್ಕಮ್ಮ’ ಎಂದು ಊಹಿಸಬಹುದು. ಆಕೆಯು ತೆಲುಗರವಳು, ಗಂಡನು ವಾದ್ಯ ಬಾರಿಸುವ ವೃತ್ತಿಯವನು. ಗಂಡನಿಗೆ ಬೇರೆ ಹೆಂಡಿರಿದ್ದರೂ ಅವರಾರೂ ಈ ಮಾರ್ಗಕ್ಕೆ ಒಪ್ಪಿರಲಿಲ್ಲ. ಆಕೆಗೆ ಎಳೆಯ ಮಗನೊಬ್ಬನಿದ್ದನು. ಮಗನನ್ನು ನೆನೆದು ನಿಲ್ಲಬಾರದೇ ಎಂದೂ, ಯಾರಾದರೂ ಬಲಾತ್ಕರಿಸಿರುವರೇ ಎಂದೂ ಯಾತ್ರಿಕನು ಕೇಳಿದನು. ತನ್ನ ಇಚ್ಛೆಯಿಂದಲೇ ಹೋಗುವೆನೆಂದು ಆಕೆಯು ನಗುಮುಖದಿಂದ ಉತ್ತರಿಸಿದಳು. ತಡೆಯಲು ತನ್ನಿಂದಾಗದೆಂದು ಕಂಡುಕೊಂಡ ಆತನು, ನಿನ್ನ ಹೆಸರನ್ನು ಲೋಕದಲ್ಲಿ ಉಳಿಸುವೆನೆಂದು ಮಾತುಕೊಟ್ಟು, ಆಕೆಯನ್ನು ಕುರಿತು ಇಟಲಿಯ ಭಾಷೆಯಲ್ಲಿ ಪದ್ಯಗಳನ್ನು ರಚಿಸಿದನು.

ಈ ಆಚಾರವನ್ನು ಪ್ರಶಂಸಿಸುವುದು ನನ್ನ ಅಭಿಪ್ರಾಯವಲ್ಲ. ಅದು ಕ್ರೂರವಾದುದು, ೧೮೨೯ರಲ್ಲಿ ಬಂಗಾಲಪ್ರಾಂತದಲ್ಲಿ ಆರಂಭವಾದ ನಿಷೇಧವು ದೇಶಕ್ಕೆಲ್ಲ ಹಬ್ಬಿದುದು ಉಚಿತವೇ ಆಯಿತು. ಸ್ಮೃತಿಕಾರರೂ ನಿಬಂಧಕಾರರೂ ಈ ವಿಷಯದಲ್ಲಿ ಏಕವಾಕ್ಯರಾಗಿರಲಿಲ್ಲವೆಂಬುದನ್ನೂ, ಸಂತಾನವುಳ್ಳ ತಾಯಿಗೆ ಬದುಕುವುದೇ ಧರ್ಮವೆಂದವರಿದ್ದರೆಂಬುದನ್ನೂ ಪಂಡಿತರಾದವರು ಮರೆಮಾಚಕೂಡದು. ನಾನು ಇಲ್ಲಿ ಗಮನಿಸುವುದು ಕೇಳಿದವನ ಮನಸ್ಸನ್ನು. ಮೃತಪತಿಯನ್ನು ಬಿಟ್ಟಿರಲಾರೆನೆಂದ ಸ್ತ್ರೀಯೆದುರಿಗೆ, ಮೃತಪತ್ನಿಯನ್ನು ಬಿಟ್ಟಿರಲಾರದೆ ಆಕೆಯ ದೇಹವನ್ನು ದೇಶದೇಶಗಳಲ್ಲಿ ಹೊತ್ತು ತಿರುಗುತ್ತಿದ್ದ ಪುರುಷನು ಕುಳಿತಿದ್ದನು. ಆಕೆಯ ನಂಬಿಕೆಯು ಆತನಿಗೆ ಮಿಥ್ಯೆ. ಆಕೆಯ ಶೋಕವು ಮಿಥ್ಯೆಯಲ್ಲ. ಅಘೋರೇಶ್ವರನ ಮುಂದೆ ಭುಜಗಳನ್ನೆಣಿಸಿದ ಕಣ್ಣು ಜಕ್ಕಮ್ಮನ ಮುಂದೆ ಎಣಿಸುವುದನ್ನು ಬಿಟ್ಟಿತು. ಇಡೀ ಪ್ರವಾಸಗ್ರಂಥದಲ್ಲಿ ಪರಧರ್ಮದ ಎದುರಿಗೆ ಯಾತ್ರಿಕನು ನಿಜವಾಗಿ ತಲೆಬಾಗಿದ ಸ್ಥಳವು ಇದೊಂದೆಂದು ನನಗೆ ತೋರುತ್ತದೆ.

೬

ಇನ್ನು ಗುರುಪೀಠದ ವಿಚಾರ. ರೋಮಿನ ಬಿಷಪರಾದ ಪೋಪರನ್ನು ಸಂತ ಪೇತ್ರನ ಉತ್ತರಾಧಿಕಾರಿಗಳೆಂದು ಕಥೋಲಿಕರು ಭಾವಿಸುವರು. ‘ಪಾಪಾ’ ಎಂಬ ಶಬ್ದವು ಗ್ರೀಕ್ ಮೂಲದ್ದಾಗಿದ್ದು ‘ಅಪ್ಪ’ ಎಂದು ಅರ್ಥ. ಅವರ ಇನ್ನೊಂದು ಬಿರುದು ‘ಪೊಂತಿಫೆಕ್ಸ್’. ಪ್ರಾಚೀನ ರೋಮನರ ಪುರೋಹಿತರಿಗಿದ್ದ ಈ ಪದಕ್ಕೆ ‘ಸೇತುವೆಯನ್ನು ಕಟ್ಟುವವನು’ ಎಂದು ವ್ಯುತ್ಪತ್ತಿಯನ್ನು ಹೇಳುವರು. ನಮ್ಮಲ್ಲಿ ದಾಟುವ ರೇವು ತೀರ್ಥವಾಯಿತು. ಅವರಲ್ಲಿ ದಾಟಿಸುವ ಸೇತುವೆಯನ್ನು ಕಟ್ಟುವವನು ಗುರುವಾದನು. ಎರಡು ಸಂಸ್ಕೃತಿಗಳೂ ಹೊಳೆಯ ದಡದಲ್ಲಿ ನಿಂತೇ ಧರ್ಮವನ್ನು ಕಲ್ಪಿಸಿಕೊಂಡುವೆಂಬುದು ಸ್ವಾರಸ್ಯವಾದ ಸಂಗತಿ.

ಪಿಯೆತ್ರೊ ಪೂರ್ವದೇಶಗಳಲ್ಲಿದ್ದ ಕಾಲದಲ್ಲಿಯೇ ಈ ಪೀಠವು ನಮ್ಮ ದೇಶದ ಕಡೆಗೆ ದೃಷ್ಟಿಯನ್ನು ತಿರುಗಿಸಿತು. ಅದುವರೆಗೆ ಭಾರತದಲ್ಲಿ ಕಥೋಲಿಕ ಧರ್ಮದ ಯೋಗಕ್ಷೇಮವು ‘ಪದ್ರುವಾದೊ’ ಎಂಬ ಹಕ್ಕಿನ ಮೂಲಕ ಪೋರ್ತುಗಲ್ಲಿನ ರಾಜನ ಅಧೀನದಲ್ಲಿದ್ದಿತು. ೧೬೨೨ರಲ್ಲಿ ಹದಿನೈದನೆಯ ಗ್ರೆಗೊರಿ ಪೋಪರು ಧರ್ಮಪ್ರಸಾರಕ್ಕಾಗಿ ‘ಪ್ರೊಪಗಾಂದಾ ಫಿದೆ’ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಆ ಕಾರ್ಯವನ್ನು ರಾಜರ ಕೈಯಿಂದ ತಮ್ಮ ಕೈಗೆ ತೆಗೆದುಕೊಳ್ಳಲು ತೊಡಗಿದರು. ಅದೇ ವರ್ಷದ ಮಾರ್ಚ್ ೧೨ರಂದು ಇಗ್ನಾಸಿಯಸ್ ಲೊಯೋಲ, ಫ್ರಾನ್ಸಿಸ್ ಜೇವಿಯರ್, ಆವಿಲದ ತೆರೆಸಾ ಮೊದಲಾದ ಐವರನ್ನು ಸಂತರೆಂದು ಘೋಷಿಸಿದರು. ಮರುವರ್ಷದ ಜನವರಿ ೩೧ರಂದು ಹೊರಡಿಸಿದ ಶಾಸನದಲ್ಲಿ, ಮಧುರೆಯ ರೊಬೆರ್ತೊ ದೆ ನೊಬಿಲಿ ಪಾದ್ರಿಯ ಪಕ್ಷವನ್ನು ಮನ್ನಿಸಿ, ಕ್ರೈಸ್ತರಾದ ಬ್ರಾಹ್ಮಣರು ಯಜ್ಞೋಪವೀತ, ಶಿಖೆ, ಗಂಧಲೇಪ, ಸ್ನಾನ ಇವುಗಳನ್ನು ಕೆಲವು ನಿಬಂಧನೆಗಳಿಗೆ ಒಳಪಟ್ಟು ಉಳಿಸಿಕೊಳ್ಳಬಹುದೆಂದು ಅನುಮತಿ ಕೊಟ್ಟರು. ದಾರವು ಧರ್ಮಚಿಹ್ನೆಯೋ ಕುಲಚಿಹ್ನೆಯೋ ಎಂಬ ಧರ್ಮಸೂಕ್ಷ್ಮವನ್ನು ಟೈಬರ್ ನದಿಯ ದಡದಲ್ಲಿ ಕುಳಿತು ತೀರ್ಮಾನಿಸಿದ ವರ್ಷದಲ್ಲಿಯೇ ರೋಮಿನ ಯಾತ್ರಿಕನು ಶರಾವತಿಯ ದಡದಲ್ಲಿ ಬ್ರಾಹ್ಮಣರನ್ನು ನೋಡುತ್ತಿದ್ದನು.

೧೬೨೪ರ ಆರಂಭದಲ್ಲಿ, ಇಕ್ಕೇರಿ ಮಂಗಳೂರುಗಳಿಂದ ಗೋವೆಗೆ ಮರಳಿದ್ದ ಪಿಯೆತ್ರೊ, ಯೇಸುಸಂಘದವರು ಇಗ್ನಾಸಿಯಸ್ ಮತ್ತು ಜೇವಿಯರರ ಸಂತಪದವಿಗಾಗಿ ನಡೆಸಿದ ಉತ್ಸವಗಳನ್ನು ಕಂಡು ವರ್ಣ
ಿಸಿರುವನು. ಜೇವಿಯರರ ದೇಹವು ೧೫೫೪ರಿಂದ ಗೋವೆಯಲ್ಲಿದ್ದಿತು. ಆದರೆ ೧೬೧೪ರಲ್ಲಿ ಬಲದೋಳಿನ ಭಾಗವೊಂದನ್ನು ಬೇರ್ಪಡಿಸಿ ರೋಮಿನ ಜೆಸು ಚರ್ಚಿಗೆ ಸಾಗಿಸಿದ್ದರು. ದೇಹವು ಗೋವೆಯಲ್ಲಿ, ಬಲಗೈ ರೋಮಿನಲ್ಲಿ! ಪವಿತ್ರವಸ್ತುವಿನಿಂದ ದೂರದ ದೇಶಗಳನ್ನು ಒಂದಾಗಿ ಕಟ್ಟುವ ಈ ವಿಧಾನವು ಬೌದ್ಧರ ಧಾತುಪೂಜೆಯನ್ನು ಬಲ್ಲ ನಮಗೆ ಅಪರಿಚಿತವಲ್ಲ. ಪಿಯೆತ್ರೊ ತನ್ನ ಪತ್ನಿಯ ದೇಹವನ್ನು ಸಾಗಿಸಿದುದೂ ಈ ಭಾವನೆಯ ಜಗತ್ತಿನಲ್ಲಿಯೇ ಎಂಬುದನ್ನು ನೆನೆದರೆ, ಅದು ಬರಿಯ ಹುಚ್ಚುಪ್ರೇಮವೆಂದು ತೋರದು.

ಗುರುಪೂಜೆಯ ವಿಷಯದಲ್ಲಿಯೂ ಒಂದು ಸಾದೃಶ್ಯವಿದೆ. ಇಕ್ಕೇರಿಯಲ್ಲಿ ಜಂಗಮರಿಗೆ ಜನರು ಸಲ್ಲಿಸುತ್ತಿದ್ದ ಗೌರವವನ್ನು ಈತನು ಗುರುತಿಸಿರುವನು. ಮಂಗಳೂರಿಗೆ ಬಂದಾಗ ಕದ್ರಿಯ ‘ಜೋಗಿಗಳ ಅರಸ’ನನ್ನು ನೋಡಲು ಗುಡ್ಡವನ್ನು ಹತ್ತಿದನು. ಅರಸನೆಂಬ ಹೆಸರನ್ನು ಕೇಳಿ ವೈಭವವನ್ನು ನಿರೀಕ್ಷಿಸಿದ್ದವನಿಗೆ ಕಂಡುದು ಬೇಸಾಯಗಾರನಂತಿದ್ದ ಬಡ ಮುದುಕನು. ಯಾತ್ರಿಕನಿಗೆ ನಿರಾಶೆಯಾಯಿತು. ಉಳ್ಳಾಲದ ರಾಣಿಯೂ ಹಾಗೆಯೇ: ಬರಿಗಾಲಿನಲ್ಲಿ, ಸಾಮಾನ್ಯವಾದ ಬಟ್ಟೆಯನ್ನುಟ್ಟು, ನೀರಿನ ಕಾಲುವೆಗಳ ಕೆಲಸವನ್ನು ನೋಡಲು ನಡೆದುಹೋಗುತ್ತಿದ್ದಳು, ಆದರೆ ಆಕೆಯು ಬಾಯಿತೆರೆದು ಮಾತನಾಡಿದ ಮೇಲೆ ಆಕೆಯ ವಿವೇಕವನ್ನು ಆತನು ಮೆಚ್ಚಿದನು. ಪೋಪರ ಪಾದವನ್ನು ಚುಂಬಿಸುವುದು ಆ ಕಾಲದ ರೋಮಿನ ಸಂಪ್ರದಾಯವಾಗಿದ್ದಿತು. ಪಾದಪೂಜೆಯು ಆತನಿಗೆ ಹೊಸದಲ್ಲ. ಬೆಲೆಯುಳ್ಳ ಆಸನವಿಲ್ಲದ ಪಾದಕ್ಕೆ ಪೂಜೆಯು ಸಲ್ಲುವುದೇ ಹೊಸದು. ಗುರುತ್ವವು ಪೀಠದಲ್ಲಿದೆಯೋ ಪುರುಷನಲ್ಲಿದೆಯೋ ಎಂಬ ಪ್ರಶ್ನೆಯು ಕದ್ರಿಯ ಗುಡ್ಡದ ಮೇಲೆ ಆತನ ಎದುರಿಗೆ ನಿಂತಿದ್ದಿತು. ಆತನು ಅದನ್ನು ಕೇಳಿಕೊಳ್ಳದೆ ಇಳಿದು ಬಂದನು.

೭

೧೬೨೪ರ ಕೊನೆಯಲ್ಲಿ ಗೋವೆಯನ್ನು ಬಿಟ್ಟು, ಮಸ್ಕತ್, ಬಸ್ರಾ, ಆಲೆಪ್ಪೊಗಳ ಮಾರ್ಗವಾಗಿ ಪಿಯೆತ್ರೊ ಸ್ವದೇಶವನ್ನು ಸೇರಿದನು. ೧೬೨೫ನೆಯ ವರ್ಷವು ರೋಮಿನಲ್ಲಿ ಜುಬಿಲಿಯ ಪವಿತ್ರವರ್ಷವಾಗಿದ್ದು, ಯೂರೋಪಿನ ಯಾತ್ರಿಕರೆಲ್ಲ ಅಲ್ಲಿ ನೆರೆದಿದ್ದಾಗ, ಆ ನಗರದಲ್ಲಿಯೇ ಹುಟ್ಟಿದ ಈ ಯಾತ್ರಿಕನು ಅರೇಬಿಯದ ಮರಳುಗಾಡನ್ನು ದಾಟುತ್ತಿದ್ದನು. ಆತನು ಮರಳಿದ ವರ್ಷದಲ್ಲಿಯೇ, ನವೆಂಬರ್ ೧೮ರಂದು, ಎಂಟನೆಯ ಉರ್ಬನ್ ಪೋಪರು ಹೊಸ ಸಂತ ಪೇತ್ರನ ಮಹಾಮಂದಿರವನ್ನು ಪ್ರತಿಷ್ಠಾಪಿಸಿದರು. ೧೫೦೬ರಲ್ಲಿ ಅಡಿಗಲ್ಲನ್ನು ಇಟ್ಟ ಆ ಕಟ್ಟಡದ ಪ್ರತಿಷ್ಠೆಗೆ ನೂರಿಪ್ಪತ್ತು ವರ್ಷಗಳು ಹಿಡಿದಿದ್ದುವು. ಒಳಗೆ ಬೆರ್ನಿನಿಯು ಕಂಚಿನ ಮಹಾಮಂಟಪವನ್ನು ನಿರ್ಮಿಸುತ್ತಿದ್ದನು. ಇದೇ ಪೋಪರು ಪ್ರಾಚೀನ ದೇವತೆಗಳ ಗುಡಿಯಾಗಿದ್ದು ಬಳಿಕ ಚರ್ಚಾದ ಪಾಂಥಿಯನ್ನಿನ ಮುಖಮಂಟಪದಿಂದ ಕಂಚನ್ನು ಕೀಳಿಸಿ, ಬಹುಭಾಗವನ್ನು ಫಿರಂಗಿಗಳಿಗಾಗಿ ಕರಗಿಸಿದರು. ದೇವಾಲಯಗಳ ಲೋಹವು ಆಯುಧವಾಗುವ ದುರದೃಷ್ಟವು ನಮ್ಮ ದೇಶಕ್ಕೆ ಮಾತ್ರ ಮೀಸಲಲ್ಲವೆಂಬುದಕ್ಕೆ ಇದು ನಿದರ್ಶನ.

ಪೋಪರು ಯಾತ್ರಿಕನನ್ನು ಗೌರವಿಸಿ ತಮ್ಮ ಪರಿವಾರದಲ್ಲಿ ಮಾನದ ಪದವಿಯನ್ನು ಕೊಟ್ಟರು. ಜಾರ್ಜಿಯ ದೇಶವನ್ನು ಕುರಿತು ಆತನು ೧೬೨೭ರಲ್ಲಿ ಅರಿಕೆಯೊಂದನ್ನು ಒಪ್ಪಿಸಲು, ಮರುವರ್ಷವೇ ಥಿಯಾಟಿನ್ ಸಂಘದ ಸಂನ್ಯಾಸಿಗಳು ಅಲ್ಲಿಗೆ ಹೋದರು. ಹೀಗೆ ಯಾತ್ರಿಕನು ಕಂಡುದು ಗುರುಪೀಠದ ನೀತಿಗೆ ಉಪಕರಣವಾಯಿತು. ರೋಮಿನ ಈ ಹೊಸ ನೀತಿಯು ಮುಂದೆ ನಮ್ಮ ನೆರೆಗೂ ಬಂದಿತು: ೧೬೩೭ರಲ್ಲಿ ಗೋವೆಯ ಬ್ರಾಹ್ಮಣಕುಲದ ಮಾತೆವುಸ್ ದೆ ಕಾಸ್ತ್ರೊ ಎಂಬುವನನ್ನು ಬಿಷಪನನ್ನಾಗಿ ಮಾಡಿ, ಬಿಜಾಪುರದ ಆದಿಲಶಾಹಿ ಸೀಮೆಯ ಹೊಣೆಯನ್ನು ವಹಿಸಿದರು. ಪೋರ್ತುಗೀಸರು ಇದನ್ನು ಸಹಿಸಲಿಲ್ಲ.

ಮಆನಿಯ ದೇಹವನ್ನು ರೋಮಿನ ಕಾಪಿತೊಲಿನ್ ಗುಡ್ಡದ ಮೇಲಿರುವ ಸಾಂತಾ ಮರಿಯಾ ಇನ್ ಆರಾಚೇಲಿ ಚರ್ಚಿನಲ್ಲಿ, ಕುಲದ ಸಮಾಧಿಯಲ್ಲಿ ಇರಿಸಲಾಯಿತು. ೧೬೨೭ರಲ್ಲಿ ನಡೆದ ಉತ್ತರಕ್ರಿಯೆಯಲ್ಲಿ ಪತಿಯೇ ಎದ್ದು ಚರಮಭಾಷಣವನ್ನು ಮಾಡಿದನು. ಕಂಠವು ಗದ್ಗದವಾಗಿ ಮಾತು ನಿಂತುಹೋಯಿತೆಂದು ಹೇಳುವರು. ಬಳಿಕ, ಪ್ರಯಾಣದಲ್ಲಿ ಆ ದಂಪತಿಗಳ ಆಶ್ರಯದಲ್ಲಿ ಬೆಳೆದಿದ್ದ ಜಾರ್ಜಿಯದ ಅನಾಥಕನ್ಯೆಯನ್ನು ವಿವಾಹವಾಗಿ ಬಹುಸಂತಾನವನ್ನು ಪಡೆದನು. ಯಾತ್ರೆಯಿಂದ ಆತನು ಸಂತನಾಗಲಿಲ್ಲ. ಕೋಪದ ಭರದಲ್ಲಿ ಒಬ್ಬ ಸೇವಕನನ್ನು ಕೊಂದು, ಕೆಲಕಾಲ ರೋಮನ್ನು ಬಿಟ್ಟು ಹೋಗಬೇಕಾಗಿ ಬಂದಿತೆಂದು ಚರಿತ್ರಕಾರರು ಬರೆದಿರುವರು. ೧೬೫೦ರಲ್ಲಿ, ಮತ್ತೊಂದು ಪವಿತ್ರವರ್ಷದಲ್ಲಿ, ಪತ್ರಗಳ ಮೊದಲ ಭಾಗವು ಪ್ರಕಟವಾಯಿತು. ೧೬೫೨ನೆಯ ಏಪ್ರಿಲ್ ೨೧ರಂದು ಆತನು ಕಾಲವಾದನು. ಭಾರತವನ್ನು ಕುರಿತ ಭಾಗವು ಅಚ್ಚಾದುದು ೧೬೬೩ರಲ್ಲಿ. ಮರುವರ್ಷವೇ ಅದು ಇಂಗ್ಲಿಷಿಗೆ ಪರಿವರ್ತಿತವಾಯಿತು.

ಇಷ್ಟರಿಂದ ನಿಷ್ಪನ್ನವಾಗುವುದೇನೆಂದರೆ: ಯಾತ್ರಿಕನ ಸಾಕ್ಷ್ಯವು ಕಣ್ಣಿಗೆ ಕಂಡ ವಸ್ತುವಿನ ವಿಷಯದಲ್ಲಿ ಬಹುಮಟ್ಟಿಗೆ ಪ್ರಮಾಣ, ಭುಜಗಳನ್ನೆಣಿಸಿದ, ಮರಳಿನ ಮೇಲಿನ ಅಂಕಿಗಳನ್ನು ಗಮನಿಸಿದ ಕಣ್ಣು ಅದು. ವಸ್ತುವಿನ ಅರ್ಥದ ವಿಷಯದಲ್ಲಿ ಅದು ಪ್ರಮಾಣವಲ್ಲ. ಅಲ್ಲಿ ಆತನು ತನ್ನವರಿಗೆ ಒಂದು ನ್ಯಾಯವನ್ನೂ ನಮ್ಮವರಿಗೆ ಇನ್ನೊಂದನ್ನೂ ಸಲ್ಲಿಸಿದನು. ಆದರೆ ದುಃಖದ ವಿಷಯದಲ್ಲಿ ಮಾತ್ರ ಆತನ ನ್ಯಾಯವು ಒಂದೇ ಆಗಿದ್ದಿತು. ಆದುದರಿಂದ ಆತನ ಗ್ರಂಥವನ್ನು ಬಳಸುವವರು ಈ ಮೂರನ್ನೂ ವಿಂಗಡಿಸಿ ಗ್ರಹಿಸಬೇಕು. ಅಷ್ಟೇ ಅಲ್ಲದೆ, ಆತನಲ್ಲಿ ನಾವು ತೋರಿಸುವ ದೋಷವನ್ನು ಪರರ ತೀರ್ಥ, ಪರರ ಪ್ರತಿಮೆ, ಪರರ ಪೀಠಗಳನ್ನು ಕುರಿತು ಬರೆಯುವಾಗ ನಾವೂ ಮಾಡದಿರಬೇಕು. ಮೂವತ್ತೆರಡು ಭುಜಗಳ ದೇವರು ಇಲ್ಲವಾದನು; ಆ ಸಂಖ್ಯೆಯನ್ನು ನಮಗಾಗಿ ಕಾಪಾಡಿಕೊಟ್ಟವನು ಆತನನ್ನು ನಂಬದ ಪರದೇಶಿ. ಈ ಋಣವನ್ನು ಒಪ್ಪಿಕೊಂಡು ಲೇಖನವನ್ನು ಮುಗಿಸುವೆನು. ಗುಣದೋಷಗಳನ್ನು ವಿದ್ವಾಂಸರು ವಿಚಾರಿಸಲಿ.